ದೂರದ ಗುಡ್ಡಕ್ಕೆ ಹೋದ ಹುಲ್ಲು

ಮೊದಲ ದಿನ ಹರಿಗೋಲು ಹತ್ತುವಾಗಲೇ ಮೇಷ್ಟ್ರು ಒಂದು ಚಪ್ಪಲಿ ಕಳೆದುಕೊಂಡರು. ಲಕ್ಕವಳ್ಳಿ ಹಿನ್ನೀರಿನ ದಡದ ಕೆಸರು ಕಾಲು ಬಿಟ್ಟರೂ ಚಪ್ಪಲಿ ಬಿಡುವಂಥದ್ದಲ್ಲ. ಹರಿಗೋಲಿನ ಸಾಬರು ಹುಟ್ಟುಗೋಲಿನಿಂದ ಎರಡು ಸಲ ಕೆದಕಿ ನೋಡಿ, "ಹೋಯ್ತು ಸ್ವಾಮಿ, ಇನ್ನೊಂದೂ ಬಿಟ್ಬಿಡಿ, ಜೋಡಿನಾದ್ರೂ ಆಯ್ತದೆ" ಅಂದರು. ಮೇಷ್ಟ್ರು ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲೇ ಕೂತರು. ಹೀಗೆ ನಮ್ಮ ಕೆಲಸ ಶುರುವಾಯಿತು.

ಮೇಷ್ಟ್ರು ಅಂದರೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವರು, ಮನೆ ಕಡೂರಿನಲ್ಲಿ. ನಾನು ಅಜ್ಜಂಪುರದ ಒಂದು ಮಂಡಿಯಲ್ಲಿ ಟೈಪಿಸ್ಟ್. ಗಿಡ ಕಿತ್ತು ಹಳೇ ಪೇಪರಿನಲ್ಲಿ ಒಣಗಿಸಿಡುವ ಹುಚ್ಚನ್ನು ನನಗೆ ಯಾರೂ ಹಿಡಿಸಿದ್ದಲ್ಲ, ಅದಾಗೇ ಹಿಡಿದದ್ದು. ಅವರು ತಮ್ಮ ಪ್ರಬಂಧದ ಒಂದಷ್ಟು ಹಾಳೆ ಟೈಪು ಮಾಡಿಸಲು ಬಂದಾಗ ನನ್ನ ಮೇಜಿನ ಡ್ರಾಯರಿನಲ್ಲಿ ಕಾರ್ಬನ್ ಕಾಗದದ ನಡುವೆ ಒಣಗುತ್ತಿದ್ದ ತುಂಬೆ, ಉತ್ತರಾಣಿ ನೋಡಿದರು. ಅಷ್ಟೇ ಪರಿಚಯ. ಆ ವರ್ಷವೇ ಪ್ರಬಂಧ ಒಪ್ಪಿಸಿದರೆ ಕಾಲೇಜಿನಲ್ಲಿ ಒಣಗಿಡಗಳ ಕೋಣೆಯೊಂದು ಆಗುತ್ತದೆ, ಅದನ್ನು ನೋಡಿಕೊಳ್ಳುವ ಜಾಗಕ್ಕೆ ನಿನ್ನನ್ನು ಹಾಕಿಸುತ್ತೇನೆ ಎಂದರು. ದಿನವಿಡೀ ಮೆಣಸಿನಕಾಯಿ ಘಾಟಿನಲ್ಲಿ ಕೂತು "ತಮ್ಮ ಕಾಗದ ತಲುಪಿತು" ಎಂದು ಬಡಿಯುವವನಿಗೆ ಇನ್ನೇನು ಬೇಕು? ಮಂಡಿಯಲ್ಲಿ ವ್ಯಾಪಾರ ಇಳಿದಿದ್ದ ಕಾಲ ನೋಡಿ, ಸಂಬಳವಿಲ್ಲದ ರಜೆ ಬೇಡಿ ಬಂದುಬಿಟ್ಟೆ.

ಅಣೆಕಟ್ಟೆಯಲ್ಲಿ ನೀರು ನಿಲ್ಲಿಸಿ ಕೆಲವು ವರ್ಷವಾಗಿತ್ತು. ಊರು, ಗದ್ದೆ, ದಾರಿ ಎಲ್ಲ ಮುಳುಗಿ ಎತ್ತರದ ಗುಡ್ಡಗಳ ತಲೆಗಳು ಮಾತ್ರ ಮೇಲೆ ಉಳಿದಿದ್ದವು. ನಿನ್ನೆ ಮೊನ್ನೆ ಹುಟ್ಟಿದ ದ್ವೀಪಗಳು. ಆಗ ತಾನೇ ಹೊರದೇಶದ ಇಬ್ಬರು ವಿದ್ವಾಂಸರು ದ್ವೀಪಗಳ ಮೇಲೆ ಎಷ್ಟು ಬಗೆಯ ಜೀವಿಗಳಿರುತ್ತವೆ ಎನ್ನುವುದಕ್ಕೆ ಒಂದು ಲೆಕ್ಕ ಹೇಳಿದ್ದರು. ಅದನ್ನು ಮೇಷ್ಟ್ರಿಗಾಗಿ ಟೈಪು ಮಾಡುತ್ತಲೇ ನನಗೂ ಅರ್ಥವಾಯಿತು. ಬೀರೂರು ಜಂಕ್ಷನ್ನಿನ ಮುಸಾಫಿರಖಾನೆ ನೆನೆಸಿಕೊಳ್ಳಿ. ರೈಲು ಬಂದಾಗ ಜನ ಒಳಗೆ ಬರುತ್ತಾರೆ, ರೈಲು ಹೊರಟಾಗ ಹೋಗುತ್ತಾರೆ. ಒಳಗೆ ಕೂತವರು ಯಾವತ್ತೂ ಅವರೇ ಅಲ್ಲ, ಆದರೆ ಯಾವತ್ತು ನೋಡಿದರೂ ಹೆಚ್ಚುಕಡಿಮೆ ಅಷ್ಟೇ ಜನ. ದ್ವೀಪವೂ ಹಾಗೆ. ಹೊಸ ಜಾತಿಗಳು ಗಾಳಿಯಲ್ಲಿ, ನೀರಲ್ಲಿ, ಹಕ್ಕಿ ಹೊಟ್ಟೆಯಲ್ಲಿ ಬರುತ್ತವೆ. ಇದ್ದ ಜಾತಿಗಳು ಸಾಯುತ್ತವೆ. ಬರುವುದೂ ಅಳಿಯುವುದೂ ಸರಿತೂಗಿದ ಕಡೆ ಎಣಿಕೆ ನಿಲ್ಲುತ್ತದೆ. ದಡಕ್ಕೆ ಹತ್ತಿರವಿದ್ದರೆ ಬರುವವು ಹೆಚ್ಚು, ದೂರವಿದ್ದರೆ ಕಡಿಮೆ. ದ್ವೀಪ ಚಿಕ್ಕದಾದರೆ ಪ್ರತಿಯೊಂದು ಜಾತಿಯೂ ನಾಲ್ಕಾರು ಗಿಡ ಅಷ್ಟೇ, ಬೇಗ ಅಳಿಯುತ್ತದೆ. ಹಾಗಾಗಿ ದೊಡ್ಡದಾಗಿ ಹತ್ತಿರವಿರುವುದರಲ್ಲಿ ಬಗೆ ಹೆಚ್ಚಿರಬೇಕು, ಚಿಕ್ಕದಾಗಿ ದೂರವಿರುವುದರಲ್ಲಿ ಕಡಿಮೆ. ನಮ್ಮ ಗುಡ್ಡಗಳಲ್ಲಿ ಇದು ನಿಜವೇ ಎಂದು ನೋಡುವುದು ನಮ್ಮ ಕೆಲಸ. ಮರಗಳು ನೀರು ನಿಲ್ಲುವ ಮೊದಲಿನವು, ಅವನ್ನು ಬಿಟ್ಟೆವು. ಹುಲ್ಲು, ಸೊಪ್ಪು, ಪುಟ್ಟ ಗಿಡ ಮಾತ್ರ ಎಣಿಕೆಗೆ.

ಎಣಿಸುವ ಕ್ರಮ ಕೇಳಲು ಸುಲಭ. ಗುಡ್ಡದ ಒಂದು ನೀರಂಚಿನಿಂದ ಇನ್ನೊಂದಕ್ಕೆ ಹುರಿ ಕಟ್ಟುವುದು. ಹುರಿಯ ಉದ್ದಕ್ಕೂ ಸಮದೂರದಲ್ಲಿ ಬಿದಿರಿನ ಚೌಕಟ್ಟು ಇಟ್ಟು ಅದರೊಳಗೆ ಎಷ್ಟು ಬಗೆ ಇದೆ ಎಂದು ಬರೆಯುವುದು. ಗೊತ್ತಿಲ್ಲದ ಗಿಡ ಬಂದರೆ ಬೇರು ಸಮೇತ ಕಿತ್ತು ಪೇಪರಿನಲ್ಲಿ ಮಡಚಿ ಹಲಗೆ ನಡುವೆ ಬಿಗಿಯುವುದು. ಆಮೇಲೆ ಸರಪಳಿ ಹಿಡಿದು ಗುಡ್ಡದ ಸುತ್ತಳತೆ. ಬೇಸಿಗೆಯಲ್ಲಿ ನೀರು ಇಳಿಯುತ್ತಾ ಹೋದ ಹಾಗೆ ಗುಡ್ಡ ಬೆಳೆಯುತ್ತದೆ, ಹೋದ ವಾರದ ಅಳತೆ ಈ ವಾರಕ್ಕಿಲ್ಲ. ಕೊನೆಗೆ ಮರಗಳ ಬುಡದಲ್ಲಿ ತುಂಬು ನೀರಿನ ಕಲೆ ಎಲ್ಲಿತ್ತೋ ಅಲ್ಲಿಂದಲೇ ಎಲ್ಲ ಗುಡ್ಡಗಳನ್ನೂ ಮತ್ತೆ ಅಳೆದೆವು. ಬೆನ್ನು ಬಗ್ಗಿಸಿ ಬಗ್ಗಿಸಿ ನಾನು ಮಲಗಿದಾಗಲೂ ನೆಟ್ಟಗಾಗುತ್ತಿರಲಿಲ್ಲ. ತರೀಕೆರೆಯಲ್ಲಿ ಹಿಡಿದಿದ್ದ ಬಾಡಿಗೆ ಕೋಣೆಗೆ ಬಸ್ಸಿನಲ್ಲಿ ವಾಪಸು ಬರುವಾಗ ನಿಂತೇ ನಿದ್ದೆ ಮಾಡುವುದು ಕಲಿತೆ.

ಪ್ರತಿ ಗುಡ್ಡಕ್ಕೂ ಮೇಷ್ಟ್ರು ಸಾಬರನ್ನು ಒಂದು ಪ್ರಶ್ನೆ ಕೇಳುತ್ತಿದ್ದರು. "ಇಲ್ಲಿ ಯಾರ ದನ ಮೇಯುತ್ತೆ?" ದನ ಬಂದರೆ ಅದರ ಜೊತೆ ಬೀಜ ಬರುತ್ತದೆ, ಅಂಥ ಗುಡ್ಡ ನಮಗೆ ಬೇಡ. ದೂರದ ಗುಡ್ಡ ಎಲ್ಲಕ್ಕಿಂತ ಚಿಕ್ಕದು, ದಡದಿಂದ ಬಹಳ ಒಳಗೆ. ಅದರ ಬಗ್ಗೆಯೂ ಸಾಬರು, "ಯಾರ್ದೂ ಇಲ್ಲ ಸ್ವಾಮಿ, ಇಷ್ಟ್ ದೂರ ಯಾರ್ ದನ ಬತ್ತದೆ?" ಎಂದರು. ಅಲ್ಲಿ ಇಳಿದಾಗ ಮತ್ತಿ ಮರದ ನೆರಳಲ್ಲಿ ಬಸಪ್ಪ ನಿಂತಿತ್ತು. ಮುಳುಗಿದ ಊರಿನ ದೇವರಿಗೆ ಬಿಟ್ಟ ಬಸವ ಅದು. ನೀರು ಏರಿದಾಗ ಗುಡ್ಡ ಹತ್ತಿ ನಿಂತದ್ದು ಇಳಿದು ಬರಲಿಲ್ಲ. ದೇವರ ಬಸವನಿಗೆ ಮೂಗುದಾರ ಹಾಕುವಂತಿಲ್ಲ, ಹಗ್ಗ ಕಟ್ಟಿ ಎಳೆಯುವಂತಿಲ್ಲ. ಅದಾಗೇ ಬಂದರೆ ಬಂತು. ಮೇಷ್ಟ್ರು ಅದರ ಹಣೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನೂ ಕೈ ಮುಗಿದೆ. ಆಮೇಲೆ ಹುರಿ ಕಟ್ಟಲು ಹೋದೆವು.

ಬೇಸಿಗೆ ಮುಗಿಯುವ ಹೊತ್ತಿಗೆ ಲೆಕ್ಕ ಹಾಕಿದರೆ ಬೇರೆ ಗುಡ್ಡಗಳೆಲ್ಲ ಹೇಳಿದ ಮಾತು ಕೇಳಿದ್ದವು. ಕಾಗದದ ಮೇಲೆ ಗುಡ್ಡಕ್ಕೊಂದು ಚುಕ್ಕಿ ಇಟ್ಟು ನೋಡಿದರೆ ಸಾಲಾಗಿ ನಿಂತಿದ್ದವು. ದೂರದ ಗುಡ್ಡವೊಂದು ಮಾತ್ರ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತ್ತು. ಚಿಕ್ಕದು, ದೂರದ್ದು, ಆದರೂ ದಡದ ಪಕ್ಕದ ದೊಡ್ಡ ಗುಡ್ಡಕ್ಕಿಂತ ಹೆಚ್ಚು ಬಗೆ. ಒಂದೇ ಗಿಡಕ್ಕೆ ಎರಡು ಹೆಸರು ಬರೆದಿರಬೇಕು ಎಂದು ನನ್ನ ಹಲಗೆಗಳನ್ನೆಲ್ಲ ಬಿಚ್ಚಿ ಒಂದೊಂದೇ ನೋಡಿದೆವು. ತಪ್ಪಿರಲಿಲ್ಲ. ಮತ್ತೆ ಹೋಗಿ ಮತ್ತೆ ಎಣಿಸಿದೆವು. ಮತ್ತೂ ಅಷ್ಟೇ. ಮೇಷ್ಟ್ರು ತಲೆಗೆ ಸುತ್ತಿದ್ದ ಒದ್ದೆ ಟವಲು ಬಿಚ್ಚಿ ಮುಖ ಒರೆಸಿಕೊಂಡು, "ಇನ್ನೊಂದ್ಸಲ ನೋಡೋಣ್ವೇನಯ್ಯಾ?" ಅಂದರು.

"ನೋಡೋಣ ಸಾರ್. ಕೂತ್ಕೊಂಡು ನೋಡೋ ಹಂಗಿದ್ರೆ ಹೇಳಿ."

ಅವರು ನಗಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹೋದವರು "ಅಯ್ಯೋ" ಎಂದು ಅಲ್ಲೇ ಕೂತರು. ಬರಿಗಾಲಿನ ಹಿಮ್ಮಡಿಗೆ ಮುಳ್ಳು ಹೊಕ್ಕಿತ್ತು. ನಾನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ನೆಗ್ಗಿಲು ಮುಳ್ಳು. ಅಜ್ಜಂಪುರದ ಹೊಲಗಳ ಬದುವಿನಲ್ಲಿ, ಕಡೂರಿನ ಬಯಲಿನಲ್ಲಿ ಬೇಕಾದಷ್ಟಿದೆ. ಚಿಕ್ಕಂದಿನಿಂದ ಕಾಲಿಗೆ ಚುಚ್ಚಿಸಿಕೊಂಡೇ ಬೆಳೆದವನು ನಾನು. ಆದರೆ ಈ ಕಾಡಿನ ನಡುವೆ, ಸುತ್ತ ನೀರಿರುವ ಗುಡ್ಡದ ಮೇಲೆ ಇದಕ್ಕೇನು ಕೆಲಸ? ಸುತ್ತಲಿನ ದಡದಲ್ಲೆಲ್ಲೂ ನಾವು ಇದನ್ನು ಕಂಡಿರಲಿಲ್ಲ. ಬಗ್ಗಿ ಹುಡುಕಿದೆ. ಮತ್ತಿ ಮರದ ಸುತ್ತ ಸಗಣಿ, ತುಳಿದ ರಾಗಿ ಹುಲ್ಲಿನ ಚೂರು, ಅದರ ನಡುವೆ ನೆಗ್ಗಿಲು, ಅಣ್ಣೆ ಸೊಪ್ಪು, ಎರಡು ಹುರುಳಿ ಬಳ್ಳಿ.

"ಸಾಬ್ರೇ, ಇಲ್ಲಿಗೆ ಹುಲ್ಲು ಯಾರು ತರ್ತಾರೆ?" ಮೇಷ್ಟ್ರು ಕೇಳಿದರು.

"ನಾನೇ. ಪೂಜಾರಪ್ಪ ಹೊರೆ ಕೊಡ್ತಾನೆ, ನಾನ್ ತಂದ್ ಹಾಕ್ತೀನಿ. ಬ್ಯಾಸ್ಗೇಲಿ ಜಾಸ್ತಿ."

"ಮತ್ತೆ ಯಾರ ದನಾನೂ ಇಲ್ಲ ಅಂದ್ರಲ್ಲ?"

"ಹೂಂ, ಇಲ್ಲ."

ಮೇಷ್ಟ್ರು ಬಸಪ್ಪನ ಕಡೆ ಕೈ ತೋರಿಸಿದರು. ಸಾಬರು ಒಮ್ಮೆ ಅದನ್ನು, ಒಮ್ಮೆ ಮೇಷ್ಟ್ರನ್ನು ನೋಡಿದರು. "ಅದು ಬಸಪ್ಪ ಅಲ್ವಾ ಸ್ವಾಮಿ. ಅದನ್ ದನ ಅಂತೀರಾ? ದೊಡ್ಡೋರು ನೀವು."

ಮೇಷ್ಟ್ರು ಸಣ್ಣಗೆ ನಕ್ಕರು. "ಅವ್ರದ್ದೇನು ತಪ್ಪಿದೆ ಬಿಡಯ್ಯ. ನಾನು ಹಣೆ ಮುಟ್ಟಿ ನಮಸ್ಕಾರ ಮಾಡ್ದೆ, ತಿರುಗಿ ಬಂದು 'ದನ ಮೇಯೋದಿಲ್ಲ' ಅಂತ ಬರ್ದೆ. ನೀನು?"

"ನಾನೂ ಅಷ್ಟೇ ಸಾರ್."

ಹುಲ್ಲು ಬರುತ್ತಿದ್ದದ್ದು ಕಡೂರು ಬಯಲಿನ ಹಿರೇನಲ್ಲೂರು ಕಡೆಯಿಂದ. ಆ ಕಡೆ ಒಕ್ಕಲುಗಳು ಈ ದೇವರಿಗೆ ನಡೆದುಕೊಳ್ಳುವವರು. ಎತ್ತಿಗೆ ಕಾಯಿಲೆ ಬಂದರೆ ಬಸಪ್ಪನಿಗೆ ಹುಲ್ಲು ಹರಕೆ ಹೊರುತ್ತಾರೆ. ಲಾರಿಯಲ್ಲಿ ತರೀಕೆರೆಗೆ, ಅಲ್ಲಿಂದ ಗಾಡಿಯಲ್ಲಿ ಮುಳುಗಡೆಯವರ ಹೊಸ ಕಾಲೋನಿಗೆ, ಅಲ್ಲಿಂದ ಹರಿಗೋಲಿನಲ್ಲಿ ಗುಡ್ಡಕ್ಕೆ. ಬಯಲುಸೀಮೆಯ ಕಳೆಯೆಲ್ಲ ಹೊರೆಯೊಳಗೆ ಕೂತು ಸುಖವಾಗಿ ಬಂದು ಇಳಿದಿತ್ತು.

ಮೇಷ್ಟ್ರ ಯೋಚನೆ ಹೀಗೆ ಓಡಿತು: ಮಳೆಗಾಲದಲ್ಲಿ ಹೇಗೂ ಹಸಿರು ಹುಲ್ಲಿರುತ್ತದೆ, ಆ ತಿಂಗಳುಗಳಲ್ಲಿ ಹೊರೆ ನಿಲ್ಲಿಸಿದರೆ ಗುಡ್ಡ ಎಷ್ಟೋ ಶುದ್ಧವಾಗುತ್ತದೆ, ಆಮೇಲೆ ಎಣಿಸಬಹುದು. ಕೇಳಿ ಬರಲು ನನ್ನನ್ನು ಕಾಲೋನಿಗೆ ಕಳಿಸಿದರು. ಆ ದೇವರ ಪೂಜೆ ಮಾಡುವ ಪೂಜಾರಪ್ಪ ತನ್ನ ಜಗಲಿಯ ಮೇಲೆ ಕೂತು ನನ್ನ ಮಾತೆಲ್ಲ ಕೇಳಿದ. ಉತ್ತರ ಕೊಟ್ಟದ್ದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ.

"ಮಳೇಲಿ ನೀರು ಏರ್ತದೆ, ಗುಡ್ಡ ಅಂಗೈಯಷ್ಟಾಯ್ತದೆ. ಹಸಿ ಹುಲ್ಲು ಎಲ್ಲೈತಪ್ಪಾ?"

"ಸ್ವಲ್ಪ ಕಡ್ಮೆ ಮಾಡಿದ್ರೂ ಸಾಕಮ್ಮಾ."

"ಬಂದಿರೋ ಹರಕೆ ಹುಲ್ಲು ಏನ್ ಮಾಡಾಣ? ಹಿತ್ಲಲ್ಲಿ ಒಟ್ಕೊಂಡ್ರೆ, ಬಸಪ್ಪನ ಹುಲ್ಲು ಪೂಜಾರಿ ಎಮ್ಮೆ ತಿಂತು ಅಂತಾರೆ ಜನ. ಎಮ್ಮೆ ಎಲ್ಡ್ ಸೇರು ಹಾಲ್ ಜಾಸ್ತಿ ಕೊಟ್ರೆ ಅದ್ಕೂ ಅದೇ ಕಾರಣ ಅಂತಾರೆ."

ಪೂಜಾರಪ್ಪ ಎಲೆ ಅಡಿಕೆ ಉಗಿದು ಬಂದು ಹೇಳಿದ: "ನಾವು ನೀವು ಮಾತಾಡಿ ಏನ್ ಬಂತು? ಬಸಪ್ಪನ್ನೇ ಕೇಳ್ಬಿಡಾಣ. ನಿಲ್ಸು ಅಂದ್ರೆ ನಿಲ್ಲಿಸ್ತೀನಿ."

ಮೇಷ್ಟ್ರಿಗೆ ಅದು ಒಪ್ಪಿಗೆಯೇ ಆಯಿತು, ಅಥವಾ ಬೇಡ ಎನ್ನಲು ಧೈರ್ಯವಾಗಲಿಲ್ಲ. ಒಂದು ಸೋಮವಾರ ಹರಿಗೋಲಿನಲ್ಲಿ ಎಲ್ಲರೂ ಹೋದೆವು. ಹೂವು, ವೀಳ್ಯದೆಲೆ ಇಟ್ಟ ಎರಡು ತಟ್ಟೆ. ಬಸಪ್ಪ ಬಲಗಡೆಯ ತಟ್ಟೆಯ ಹತ್ತಿರ ಬಂದರೆ ಹುಲ್ಲು ನಿಲ್ಲಿಸಬೇಕು, ಎಡಗಡೆಗೆ ಬಂದರೆ ಮುಂದುವರಿಸಬೇಕು. ನಾನು ಮೆಲ್ಲಗೆ, "ಮೊದ್ಲು ಹೊಟ್ಟೆ ತುಂಬ ಹಾಕ್ಬಿಟ್ಟು ಕೇಳಿ ಪೂಜಾರಪ್ಪಾ" ಅಂದೆ.

"ನಂಗೊತ್ತಿಲ್ವೇನಪ್ಪಾ? ಹಸ್ದೋರ ಅಪ್ಪಣೆ ಅಪ್ಪಣೆ ಅಲ್ಲ."

ಒಂದು ಹೊರೆ ಬಿಚ್ಚಿ ಹಾಕಿದ. ಬಸಪ್ಪ ನಿಧಾನವಾಗಿ ತಿಂದಿತು. ಆ ಹೊರೆಯಿಂದಲೂ ಏನೇನು ಬೀಜ ಉದುರುತ್ತಿದೆಯೋ ಎಂದು ಮೇಷ್ಟ್ರು ನೋಡುತ್ತಾ ಕೂತಿದ್ದರು. ಪೂಜಾರಪ್ಪ ಕರ್ಪೂರ ಹಚ್ಚಿ ಪ್ರಶ್ನೆ ಕೇಳಿದ. ಬಸಪ್ಪ ಎರಡೂ ತಟ್ಟೆಗಳ ನಡುವೆ ಮುಂಗಾಲು ಮಡಚಿ ಮಲಗಿಬಿಟ್ಟಿತು. ಮೆಲುಕು ಹಾಕತೊಡಗಿತು. ಎಬ್ಬಿಸುವಂತಿಲ್ಲ. ಕಾದೆವು. ತಟ್ಟೆಯ ಹೂವು ಬಾಡಿತು. ಮೇಷ್ಟ್ರು ಮರಕ್ಕೆ ಒರಗಿ ತೂಕಡಿಸಿದರು, ನಾನೂ ತೂಕಡಿಸಿದೆ. ಎಚ್ಚರವಾದಾಗಲೂ ಅದು ಮೆಲುಕು ಹಾಕುತ್ತಲೇ ಇತ್ತು.

"ಗಾಳಿ ಏಳ್ತದೆ, ಹೊರಡಿ" ಅಂದರು ಸಾಬರು.

"ಅಪ್ಪಣೆ ಆಗ್ಲಿಲ್ಲ" ಅಂದ ಪೂಜಾರಪ್ಪ. "ಆಗ್ಲಿಲ್ಲ ಅಂದ್ರೆ ಇದ್ದಂಗೇ ನಡೀಬೇಕು."

ಮಾರನೆಯ ದಿನ ಕೋಣೆಯಲ್ಲಿ ಮೇಷ್ಟ್ರು ಚುಕ್ಕಿಗಳ ಕಾಗದವನ್ನು ನನ್ನ ಮುಂದೆ ಹರಡಿದರು. ಹೆಬ್ಬೆರಳಿನಿಂದ ದೂರದ ಗುಡ್ಡವನ್ನು ಮುಚ್ಚಿದರು. ಉಳಿದ ಚುಕ್ಕಿಗಳು ನೆಟ್ಟಗೆ ನಿಂತವು. "ಇದನ್ನ ತೆಗೆದ್ಬಿಟ್ರೆ ನಾಳೆನೇ ಟೈಪಿಗೆ ಕೂರಬಹುದು. ದನ ಮೇಯೋ ಗುಡ್ಡ, ಅದಕ್ಕೇ ಬಿಟ್ವಿ ಅಂತ ಒಂದು ಸಾಲು ಬರೆದ್ರಾಯ್ತು. ಇಟ್ಕೊಂಡ್ರೆ ಹುಲ್ಲಿನ ಜೊತೆ ಏನು ಬರುತ್ತೆ, ಬಂದಿದ್ದು ಏನಾಗುತ್ತೆ, ಎಲ್ಲ ನೋಡ್ಬೇಕು. ಈ ವರ್ಷ ಮುಗಿಯಲ್ಲ. ನಿನ್ನ ಜಾಗದ ಮಾತೂ ಇದೆ. ನೀನೇ ಹೇಳಯ್ಯ."

ನಾನೇಕೆ ಹೇಳಬೇಕು ಎಂದು ಅವರ ಮೇಲೆ ಸಿಟ್ಟು ಬಂತು. ಮಂಡಿಯ ಕುರ್ಚಿ ಕಣ್ಣ ಮುಂದೆ ಬಂತು. ತೆಗೆಯಿರಿ ಎನ್ನಲು ಬಾಯಿ ತೆರೆದವನು, ಅವರ ಹೆಬ್ಬೆರಳನ್ನೇ ನೋಡುತ್ತಾ ಬೇರೆ ಮಾತಾಡಿದೆ. "ದನ ಮೇಯುತ್ತೆ ಅಂತ ನಾವು ತೆಗೀತಿಲ್ಲ ಸಾರ್. ಬೇರೆ ಗುಡ್ಡಗಳ ಜೊತೆ ಸಾಲಲ್ಲಿ ನಿಂತಿದ್ರೆ ಬಸಪ್ಪ ಇದ್ರೂ ಇಟ್ಕೊಂಡಿರ್ತಿದ್ವಿ."

ಅವರು ಹೆಬ್ಬೆರಳು ತೆಗೆದರು. "ಹೂಂ" ಎಂದರು, ಅಷ್ಟೇ. ನಾನು ಹೊರಗೆ ಬಂದು ಬೀಡಾ ಅಂಗಡಿಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಒಳ್ಳೆಯದು ಮಾಡಿದೆ ಅಂತೇನೂ ಅನ್ನಿಸಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು ಅಂತಲೇ ಅನ್ನಿಸಿತು.

ಮಳೆ ಹಿಡಿಯಿತು. ಹೊರೆ ಹರಿಗೋಲಿಗೆ ಏರುವ ಮೊದಲು ಜಮಖಾನದ ಮೇಲೆ ಬಡಿದು, ಉದುರಿದ್ದನ್ನೆಲ್ಲ ಗುಡಿಸಿ ಎರಡು ಪಾಲು ಮಾಡುವುದು ನನ್ನ ಕೆಲಸ. ಒಂದು ಪಾಲನ್ನು ಹೊರೆಗೇ ವಾಪಸು ಹಾಕುವುದು, ಇಲ್ಲದಿದ್ದರೆ ಗುಡ್ಡಕ್ಕೆ ಹೋಗುವುದನ್ನು ನಾವೇ ತಡೆದಂತಾಗುತ್ತದೆ. ಇನ್ನೊಂದನ್ನು ಸೀಮೆಎಣ್ಣೆ ಡಬ್ಬ ಸೀಳಿ ಮಾಡಿದ ತೊಟ್ಟಿಗಳಲ್ಲಿ ಬಿತ್ತಿ ಏನು ಮೊಳೆಯುತ್ತದೆಂದು ನೋಡುವುದು. ತೊಟ್ಟಿಗಳನ್ನು ಪೂಜಾರಪ್ಪನ ಹಿತ್ತಲಲ್ಲಿ ಇಟ್ಟಿದ್ದೆ. ಎರಡೆಲೆ ಬರುವಷ್ಟರಲ್ಲಿ ಅವರ ಮನೆ ಕೋಳಿಗಳು ಕೆದಕಿ ತಿಂದು ಮುಗಿಸಿದವು. "ನಿಮ್ ಕಳೆ ತಿಂದು ನಮ್ ಕೋಳಿ ಮೊಟ್ಟೆ ನಿಲ್ಲಿಸ್ಬಿಟ್ಟವೆ" ಎಂದು ಪೂಜಾರಪ್ಪನ ಹೆಂಡತಿ ನನ್ನನ್ನೇ ಬೈದಳು. ಮತ್ತೆ ಶುರು. ಈ ಸಲ ಗುಡಿಸಿದ್ದನ್ನು ಪೊಟ್ಟಣ ಕಟ್ಟಿ ಕಡೂರಿಗೆ ಒಯ್ದು ಮೇಷ್ಟ್ರ ಮನೆಯ ಹಿತ್ತಲಲ್ಲಿ ತೊಟ್ಟಿಗಳನ್ನಿಟ್ಟು ಬಿತ್ತಿದೆ. ವಾರಕ್ಕೊಮ್ಮೆ ಆ ಓಡಾಟ. ಗುಡ್ಡದ ಮೇಲೆ ಹೊಸದಾಗಿ ಹುಟ್ಟಿದ ಒಂದೊಂದು ಸಸಿಯ ಪಕ್ಕ ಗೂಟ ನೆಟ್ಟು ಬಣ್ಣದ ಬಟ್ಟೆಚೂರು ಕಟ್ಟಿದೆವು. ಬಟ್ಟೆಯನ್ನೆಲ್ಲ ಬಸಪ್ಪ ಜಗಿಯಿತು. ತಗಡು ಕಟ್ಟಿದೆವು. ತಗಡನ್ನು ಬಿಟ್ಟಿತು, ಆದರೆ ಗೂಟಕ್ಕೆ ಮೈ ಉಜ್ಜಿ ಕೆಡವಿತು. ನೆಲಕ್ಕೆ ಸಮನಾಗಿ ತಗಡು ಹೂತೆವು. ಮೇಷ್ಟ್ರಿಗೆ ಜ್ವರ ಬಂದ ವಾರ ಒಬ್ಬನೇ ಹೋಗಿ ಮಂಡಿಯೂರಿ ಒಂದೊಂದೇ ತಗಡು ಹುಡುಕುತ್ತಿದ್ದರೆ ಅದು ಪಕ್ಕದಲ್ಲೇ ನಿಂತು ನನ್ನ ಬೆನ್ನ ಮೇಲೆ ಉಸಿರು ಬಿಡುತ್ತಿತ್ತು.

ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಕೊನೆಯ ಎಣಿಕೆ ಮಾಡಿದೆವು. ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲೇ ಮೇಷ್ಟ್ರು ಸುದ್ದಿ ಹೇಳಿದರು: ಒಣಗಿಡಗಳ ಕೋಣೆಯ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದಾರೆ. "ನನ್ನ ಕೈಲಿ ಆಗ್ಲಿಲ್ಲ ಕಣಯ್ಯಾ" ಎಂದರು. ಆಗುವುದಿಲ್ಲ ಎಂದು ನನಗೆ ಮಳೆಗಾಲದಲ್ಲೇ ಗೊತ್ತಾಗಿತ್ತು. ಆದರೂ ಅವರು ಬಾಯಿಬಿಟ್ಟು ಹೇಳುವ ತನಕ ಅದು ನಿಜವಾಗಿರಲಿಲ್ಲ. ನಾನು ಕಿಟಕಿ ಪಕ್ಕದ ಸೀಟು ಹಿಡಿದು ಕಣ್ಣು ಮುಚ್ಚಿದೆ.

ಗುಡ್ಡದ ಮೇಲೆ ಹುರಿ ಎಳೆದು ಚೌಕಟ್ಟು ಇಡುತ್ತಾ ಹೋದೆವು. ಕಡೂರಿನ ತೊಟ್ಟಿಗಳಲ್ಲಿ ಹೊರೆಯ ಬೀಜ ದಂಡಿಯಾಗಿ ಮೊಳೆತಿತ್ತು. ಗುಡ್ಡದ ಮೇಲೂ ಮೊಳೆತಿತ್ತು, ತಗಡುಗಳೇ ಸಾಕ್ಷಿ. ಆದರೆ ಈಗ ತಗಡಿನ ಪಕ್ಕ ಬಹುಪಾಲು ಏನೂ ಇರಲಿಲ್ಲ. ನೆಗ್ಗಿಲು ಶೀತಕ್ಕೆ ಕೊಳೆತಿತ್ತು. ಹುರುಳಿಯನ್ನು ಬಸಪ್ಪ ತಿಂದಿತ್ತು. ಅಣ್ಣೆ ಸೊಪ್ಪನ್ನು ಅಲ್ಲಿಯದೇ ಹುಲ್ಲು ಮುಚ್ಚಿ ಕೊಂದಿತ್ತು. ನಾವು ಬೇಸಿಗೆಯಲ್ಲಿ ಎಣಿಸಿದ್ದು ಆಗ ತಾನೇ ಬಂದಿಳಿದವರನ್ನು, ನೆಲೆ ನಿಂತವರನ್ನಲ್ಲ. ಮುಸಾಫಿರಖಾನೆಯಲ್ಲಿ ರೈಲು ಬಂದ ಗಳಿಗೆಯಲ್ಲಿ ತಲೆ ಎಣಿಸಿದ ಹಾಗೆ. ಬರುವುದು ಜಾಸ್ತಿ, ಅಳಿಯುವುದೂ ಅಷ್ಟೇ ಜಾಸ್ತಿ. ಹೊಸ ಎಣಿಕೆಯಲ್ಲಿ ದೂರದ ಗುಡ್ಡ ಬಹಳ ಕೆಳಗಿಳಿದಿತ್ತು. ಸಾಲಿಗೆ ಪೂರ್ತಿ ಬಂದಿರಲಿಲ್ಲ, ಇನ್ನೂ ಒಂದಿಷ್ಟು ಮೇಲೇ ಇತ್ತು. ಅದಕ್ಕೆ ಕಾರಣವನ್ನೂ ಮೇಷ್ಟ್ರು ಕಂಡುಕೊಂಡರು. ದೂರ ಎಂದರೆ ನೀರಿನ ಅಗಲವಲ್ಲ, ಎಷ್ಟು ಸಲ ದಾಟಿ ಬರುತ್ತಾರೆ ಎನ್ನುವುದು. ಹರಿಗೋಲು ಹೋಗುವ ದೂರದ ಗುಡ್ಡಕ್ಕೆ, ಯಾರೂ ಹೋಗದ ಹತ್ತಿರದ ಗುಡ್ಡಕ್ಕಿಂತ ದಡ ಸಮೀಪ.

ವಾಪಸು ಬರುವಾಗ ಅವರು ಖುಷಿಯಲ್ಲಿ ಬಹಳ ಮಾತಾಡಿದರು. ನಾನು ಹರಿಗೋಲಿನ ಅಂಚಿಗೆ ತಲೆ ಇಟ್ಟು ಕೇಳುತ್ತಿದ್ದೆ. ಕೇಳುತ್ತಾ ಕೇಳುತ್ತಾ ಎದ್ದು ಕೂತೆ.

"ಸಾಬ್ರೇ, ಮಿಕ್ಕಿದ ಗುಡ್ಡಗಳಿಗೆ ಯಾರ್ಯಾರು ಹೋಗ್ತಾರೆ? ಏನೇನು ಹೊತ್ಕೊಂಡು ಹೋಗ್ತಾರೆ?"

ಸಾಬರು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. "ನಡುಗುಡ್ಡದಾಗೆ ಮೀನ್ ಒಣಗ್ಸೋರು ಚಾಪೆ ಹಾಕ್ಕೊಂಡು ಇರ್ತಾರೆ. ದೊಡ್ಡ ಗುಡ್ಡಕ್ಕೆ ಜೇನ್ ಕೀಳೋರು. ಆಮೇಲೆ ಆ ಕಲ್ಲುಗುಡ್ಡದಾಗೆ ಹೋದ್ವರ್ಸ ಒಬ್ಬ ಸೌತೆ ಬೀಜ ಹಾಕಿದ್ದ, ಬಂದವು ಒಂದಷ್ಟು..." ಅವರು ಹೇಳುತ್ತಲೇ ಹೋದರು. ಅವರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ನಾವು ದನ ಮಾತ್ರ ಕೇಳಿದ್ದೆವು.

ದಡ ಬಂದರೂ ಮೇಷ್ಟ್ರು ಇಳಿಯಲಿಲ್ಲ. "ನೆಟ್ಟಗೆ ನಿಂತಿದ್ದ ಚುಕ್ಕಿಗಳೂ ಹೋದ್ವೇನಯ್ಯಾ?"

"ಹೋದ್ವೋ ಇಲ್ವೋ, ನೋಡಿದ್ರೆ ಗೊತ್ತಾಗುತ್ತೆ ಸಾರ್. ಎಲ್ಲಾ ಗುಡ್ಡಕ್ಕೂ ಇನ್ನೊಂದು ಬೇಸಿಗೆ, ಇನ್ನೊಂದು ಮಳೆಗಾಲ."

"ನನ್ನ ರಜಾ ಮುಗೀತು. ಭಾನುವಾರ ಭಾನುವಾರ ಬರಬಹುದು."

"ಮಂಡಿಗೂ ಭಾನುವಾರವೇ ರಜ."

ಅವರು ನನ್ನ ಮುಖ ನೋಡಿದರು. ಬೇಡ ಬಿಡು ಎಂದು ಅವರು ಅಂದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಅವರೂ ನನ್ನಿಂದ ಅದನ್ನೇ ಕಾಯುತ್ತಿದ್ದರು ಎಂದು ಕಾಣುತ್ತದೆ. ಇಬ್ಬರೂ ಅನ್ನಲಿಲ್ಲ.

"ಹಂಗಾದ್ರೆ ಬರೋ ಭಾನುವಾರ ನಡುಗುಡ್ಡ" ಅಂದರು ಕೊನೆಗೆ.

"ಬರೋ ಭಾನುವಾರ ನಾನು ಮಲಗ್ತೀನಿ ಸಾರ್. ಅದರ ಮುಂದಿನ ಭಾನುವಾರ ಬರ್ತೀನಿ."

"ಸರಿ" ಅಂದರು ಮೇಷ್ಟ್ರು. "ನಾನೂ ಮಲಗ್ತೀನಿ."